ಬೆತ್ತ ಕೆಳಗಿಟ್ಟ ಶಿಕ್ಷಕ ಜೋಸೆಫ್ ಲ್ಯಾಂಕಾಸ್ಟರ್

ಮಕ್ಕಳನ್ನು ಹೊಡೆಯದೆ ಶಾಲೆ ನಡೆಸಲು ಸಾಧ್ಯವೇ? ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಕೇಳಿದವರನ್ನು ವಿಚಿತ್ರ ಮನುಷ್ಯರೆಂದೇ ಜನ ಭಾವಿಸುತ್ತಿದ್ದರು. ಸಿರಿವಂತರ ಶಾಲೆಯಿರಲಿ, ಬಡವರ ಶಾಲೆಯಿರಲಿ, ಬೆತ್ತವಿಲ್ಲದ ಶಿಕ್ಷಕನನ್ನು ಕಲ್ಪಿಸಿಕೊಳ್ಳುವುದೇ ಕಷ್ಟವಾಗಿತ್ತು. ಅಂಥ ಕಾಲದಲ್ಲಿ ಇಪ್ಪತ್ತು ವರ್ಷವೂ ತುಂಬದ ಬಡ ಯುವಕನೊಬ್ಬ ಲಂಡನ್ನಿನ ಕೊಳಕು ಬೀದಿಯೊಂದರಲ್ಲಿ ಶಾಲೆ ತೆರೆದು, ಮಕ್ಕಳ ನಡತೆಯನ್ನು ತಿದ್ದಲು ಏಟಿಗಿಂತ ಕೆಲಸ, ಜವಾಬ್ದಾರಿ ಮತ್ತು ಮೆಚ್ಚುಗೆಯೇ ಹೆಚ್ಚು ಫಲಕಾರಿ ಎಂದು ಸಾರಿದ. ಕೆಲವೇ ವರ್ಷಗಳಲ್ಲಿ ಅರಸನೇ ಅವನ ಬೆಂಬಲಕ್ಕೆ ನಿಂತ. ಅವನ ಪದ್ಧತಿ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಆದರೆ ಆ ಯುವಕನ ಬದುಕು ಮಾತ್ರ ಸಾಲ, ಜಗಳ ಮತ್ತು ಅಲೆದಾಟಗಳಲ್ಲಿ ಕರಗಿಹೋಯಿತು.

ಆತನೇ ಜೋಸೆಫ್ ಲ್ಯಾಂಕಾಸ್ಟರ್. ಪ್ರಾಥಮಿಕ ಶಾಲೆಯ ಇತಿಹಾಸದಲ್ಲಿ ಅಳಿಸಲಾಗದ ಹೆಸರು. ತರಗತಿಗೊಬ್ಬ ಮಾನಿಟರ್, ಚೆನ್ನಾಗಿ ನಡೆದುಕೊಂಡವರಿಗೆ ಪದಕ, ಅಂಗಿಗೆ ಸಿಕ್ಕಿಸುವ ಬಿಲ್ಲೆ, ಎಲ್ಲರೆದುರು ಬಹುಮಾನ ವಿತರಣೆ ಮುಂತಾಗಿ ಇಂದು ನಾವು ಸಹಜವೆಂದು ತಿಳಿದಿರುವ ಅನೇಕ ರೂಢಿಗಳನ್ನು ಒಂದು ಇಡೀ ಶಾಲೆಯ ವ್ಯವಸ್ಥೆಯಾಗಿ ಹೆಣೆದು ಪ್ರಚುರಪಡಿಸಿದವರಲ್ಲಿ ಆತನೇ ಪ್ರಮುಖ. ಅವನ ಸಾಧನೆ ಎಷ್ಟು ದೊಡ್ಡದೋ ಅವನು ಮಾಡಿದ ತಪ್ಪೂ ಅಷ್ಟೇ ಪಾಠ ಕಲಿಸುವಂಥದ್ದು.

ಸೌತ್‌ವರ್ಕ್‌ನ ಹುಡುಗ

ಲ್ಯಾಂಕಾಸ್ಟರ್ ಹುಟ್ಟಿದ್ದು 1778ರ ನವೆಂಬರ್ 25ರಂದು, ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಂಡೆಯ ಸೌತ್‌ವರ್ಕ್ ಪ್ರದೇಶದಲ್ಲಿ. ತಂದೆ ಒಮ್ಮೆ ಸೈನಿಕನಾಗಿದ್ದವನು. ಬಳಿಕ ಜರಡಿ ಹೆಣೆದು ಮಾರಿ ಸಂಸಾರ ಸಾಗಿಸುತ್ತಿದ್ದ. ಮನೆಯಲ್ಲಿ ಹಣವಿರಲಿಲ್ಲ, ಧರ್ಮಶ್ರದ್ಧೆ ಬೇಕಾದಷ್ಟಿತ್ತು.

ಹುಡುಗನಿಗೆ ಹದಿನಾಲ್ಕರ ಹರೆಯದಲ್ಲೇ ಲೋಕವನ್ನು ತಿದ್ದುವ ಹಂಬಲ. ಜಮೈಕಾ ದ್ವೀಪದ ಕಪ್ಪು ಜನರಿಗೆ ಬೈಬಲ್ ಓದಲು ಕಲಿಸಬೇಕೆಂದು ಮನೆಯವರಿಗೆ ಹೇಳದೆ ಹೊರಟೇಬಿಟ್ಟ. ಬ್ರಿಸ್ಟಲ್ ಬಂದರು ತಲುಪುವಷ್ಟರಲ್ಲಿ ಕೈ ಬರಿದಾಗಿ, ಬೇರೆ ದಾರಿ ಕಾಣದೆ ನೌಕಾಪಡೆಗೆ ಸೇರಿದ. ಹಿತೈಷಿಗಳು ಅವನನ್ನು ಅಲ್ಲಿಂದ ಬಿಡಿಸಿ ತಂದರು. ಮುಂದೆ ಅವನ ಬದುಕಿನುದ್ದಕ್ಕೂ ಕಾಣುವ ಎರಡು ಗುಣಗಳು ಈ ಪ್ರಸಂಗದಲ್ಲೇ ಮೊಳೆತಿವೆ: ಬಡವರಿಗೆ ಅಕ್ಷರ ಕಲಿಸಬೇಕೆಂಬ ತೀವ್ರ ತುಡಿತ ಒಂದು, ಕೈಯಲ್ಲಿರುವ ಹಣವನ್ನು ಲೆಕ್ಕಿಸದೆ ಮುನ್ನುಗ್ಗುವ ಸ್ವಭಾವ ಇನ್ನೊಂದು.

ಯೌವನದಲ್ಲಿ ಆತ ಕ್ವೇಕರ್ ಪಂಥವನ್ನು ಸೇರಿದ. ಹಿಂಸೆಯನ್ನು ಒಪ್ಪದ ಶಾಂತಿಪ್ರಿಯ ಪಂಥವದು. ಮಕ್ಕಳ ಮೈಮೇಲೆ ಬೆತ್ತ ಆಡಿಸುವುದರ ಬಗ್ಗೆ ಲ್ಯಾಂಕಾಸ್ಟರ್‌ಗೆ ಇದ್ದ ತಿರಸ್ಕಾರಕ್ಕೆ ಈ ನಂಬಿಕೆಯೂ ಇಂಬು ಕೊಟ್ಟಿತು.

ಸಾವಿರ ಮಕ್ಕಳು, ಒಬ್ಬನೇ ಶಿಕ್ಷಕ

1798ರಲ್ಲಿ ಸೌತ್‌ವರ್ಕ್‌ನಲ್ಲಿ ಆತ ಬಡಮಕ್ಕಳಿಗೆ ಪಾಠ ಹೇಳಲು ಆರಂಭಿಸಿದ. ಯಾರು ಬೇಕಾದರೂ ಮಕ್ಕಳನ್ನು ಕಳುಹಿಸಬಹುದು, ಶುಲ್ಕವಿಲ್ಲ, ಪುಕ್ಕಟೆ ವಿದ್ಯೆ ಬೇಡವೆನ್ನುವವರು ಇಷ್ಟವಿದ್ದರೆ ಹಣ ಕೊಡಬಹುದು ಎಂಬರ್ಥದ ಪ್ರಕಟಣೆಯನ್ನು ಹೊರಗೆ ಹಾಕಿದ. ಮಕ್ಕಳು ಗುಂಪುಗುಂಪಾಗಿ ಬಂದರು. ಜಾಗ ಸಾಲದೆ ಶಾಲೆ ಬರೋ ರೋಡ್‌ನ ದೊಡ್ಡ ಕಟ್ಟಡಕ್ಕೆ ಹೋಯಿತು. 1805ರ ಹೊತ್ತಿಗೆ ವಿದ್ಯಾರ್ಥಿಗಳ ಸಂಖ್ಯೆ ಸಾವಿರದ ಸನಿಹ ತಲುಪಿತ್ತು.

ಸಹಾಯಕ ಶಿಕ್ಷಕರಿಗೆ ಸಂಬಳ ಕೊಡಲು ಹಣವಿಲ್ಲ. ಈ ಬಡತನವೇ ಹೊಸ ದಾರಿ ತೋರಿಸಿತು. ಸ್ವಲ್ಪ ಹೆಚ್ಚು ಬಲ್ಲ ಹುಡುಗ ಸ್ವಲ್ಪ ಕಡಿಮೆ ಬಲ್ಲವನಿಗೆ ಕಲಿಸುವ ವ್ಯವಸ್ಥೆಯನ್ನು ಆತ ರೂಪಿಸಿದ. ಇಡೀ ಶಾಲೆಗೆ ಒಂದೇ ವಿಶಾಲ ಕೋಣೆ. ಮಕ್ಕಳು ಸಾಲುಸಾಲಾಗಿ ಕೂರುವರು. ಪ್ರತಿ ಗುಂಪಿಗೂ ಒಬ್ಬ ಮಾನಿಟರ್. ಹಾಜರಿ ನೋಡಿಕೊಳ್ಳಲು ಒಬ್ಬ, ಸ್ಲೇಟು ಹಂಚಲು ಇನ್ನೊಬ್ಬ. ಅಕ್ಷರ ಕಲಿಯುವ ಚಿಕ್ಕವರು ಮರಳಿನ ಮೇಲೆ ಬೆರಳಿನಿಂದ ತಿದ್ದುವರು, ದೊಡ್ಡವರು ಸ್ಲೇಟಿನಲ್ಲಿ ಬರೆಯುವರು. ಪ್ರತಿಯೊಬ್ಬನಿಗೂ ಪುಸ್ತಕ ಕೊಳ್ಳುವ ಬದಲು, ದಪ್ಪಕ್ಷರದಲ್ಲಿ ಮುದ್ರಿಸಿದ ಹಾಳೆಗಳನ್ನು ಗೋಡೆಗೆ ತೂಗುಹಾಕಿ, ಮಕ್ಕಳನ್ನು ಅದರ ಸುತ್ತ ಅರ್ಧವರ್ತುಲವಾಗಿ ನಿಲ್ಲಿಸಿ ಓದಿಸುತ್ತಿದ್ದರು. ದೊಡ್ಡ ಶಾಲೆಯಾದರೆ ಮಗುವೊಂದಕ್ಕೆ ವರ್ಷಕ್ಕೆ 7 ಷಿಲಿಂಗ್ ಸಾಕೆಂಬುದು ಆತನ ಲೆಕ್ಕಾಚಾರ.

ಸಾವಿರ ಮಕ್ಕಳು ಒಂದೇ ಸೂರಿನಡಿ ಗದ್ದಲ ಮಾಡದೆ, ಒಬ್ಬರನ್ನೊಬ್ಬರು ತಳ್ಳಾಡದೆ ಇರುವುದು ಹೇಗೆ? ಲ್ಯಾಂಕಾಸ್ಟರ್ ಕಂಡುಕೊಂಡ ಉತ್ತರ ಸರಳ. ಕೈಗೆ ಕೆಲಸವಿಲ್ಲದ ಮಗು ಚೇಷ್ಟೆಗೆ ಇಳಿಯುತ್ತದೆ. ಆದ್ದರಿಂದ ಪ್ರತಿ ಮಗುವಿಗೂ ಸದಾ ಮಾಡಲೊಂದು ಕೆಲಸವಿರಬೇಕು, ಆ ಕೆಲಸ ಮಾಡಲು ಅದರ ಮನಸ್ಸಿಗೆ ಒಪ್ಪುವ ಕಾರಣವೂ ಇರಬೇಕು. ತುಂಟತನವನ್ನು ಆತ ದುಷ್ಟತನವೆಂದು ನೋಡಲಿಲ್ಲ, ಬಳಕೆಯಾಗದೆ ಉಳಿದ ಚೈತನ್ಯವೆಂದು ನೋಡಿದ. ತರಗತಿಯಲ್ಲಿ ಅತಿ ಹೆಚ್ಚು ಉಪದ್ರವ ಕೊಡುವ ಚುರುಕು ಹುಡುಗರನ್ನೇ ಆರಿಸಿ ಮಾನಿಟರ್ ಮಾಡಿದರೆ ಅವರೇ ಅತ್ಯಂತ ಹೊಣೆಗಾರರಾಗಿ ಬದಲಾಗುವರೆಂಬುದು ಆತ ಅನುಭವದಿಂದ ಅರಿತ ಸತ್ಯ.

ಚೀಟಿ, ಗಾಳಿಪಟ, ಬೆಳ್ಳಿ ಪದಕ

1803ರಲ್ಲಿ ಪ್ರಕಟವಾದ ತನ್ನ ಶಿಕ್ಷಣ ಸುಧಾರಣೆಯ ಪುಸ್ತಕದಲ್ಲಿ ಲ್ಯಾಂಕಾಸ್ಟರ್ ಈ ವ್ಯವಸ್ಥೆಯನ್ನು ಲೋಕದ ಮುಂದಿಟ್ಟ. ಮುಂದಿನ ಆವೃತ್ತಿಗಳಲ್ಲಿ ಅದು ಹಿಗ್ಗುತ್ತಾ ಹೋಯಿತು. ಮಕ್ಕಳನ್ನು ಹುರಿದುಂಬಿಸುವ ವಿಧಾನಗಳ ವರ್ಣನೆಗೆ ಅದರಲ್ಲಿ ದೊಡ್ಡ ಸ್ಥಾನ.

ಓದಿನಲ್ಲಿ ಮುಂದಿದ್ದ ಹುಡುಗ ತನ್ನ ಗುಂಪಿನ ಮೊದಲ ಸ್ಥಾನದಲ್ಲಿ ನಿಂತು, ಅರ್ಹತೆಯನ್ನು ಸಾರುವ ಬಿಲ್ಲೆಯನ್ನು ಎದೆಯ ಮೇಲೆ ಧರಿಸುತ್ತಿದ್ದ. ಅವನು ತಪ್ಪು ಹೇಳಿ ಪಕ್ಕದವನು ಸರಿ ಹೇಳಿದರೆ ಇಬ್ಬರೂ ಸ್ಥಾನ ಬದಲಿಸಬೇಕು, ಬಿಲ್ಲೆಯೂ ಕೈ ಬದಲಾಗಬೇಕು. ಗಳಿಸಿದ ಚೀಟಿಗಳನ್ನು ಕೂಡಿಟ್ಟುಕೊಂಡರೆ ಬಹುಮಾನ: ಚೆಂಡು, ದಾಂಡು, ಗಾಳಿಪಟ, ಚಿತ್ರಪಟ. ಬಹುಮಾನ ಪಡೆದವರು ಶಾಲೆಯ ಸುತ್ತ ಮೆರವಣಿಗೆ ಹೋಗುವುದಿತ್ತು. ಒಂದೇ ಬಾರಿಗೆ ನೂರಕ್ಕೂ ಹೆಚ್ಚು ಬಹುಮಾನಗಳನ್ನು ಹಂಚಿದ ದಿನಗಳೂ ಇದ್ದವು.

ಇವೆಲ್ಲಕ್ಕಿಂತ ಮೇಲಿನದು ಅರ್ಹರ ಪಂಕ್ತಿ. ಅದಕ್ಕೆ ಸೇರಿದ ಹುಡುಗ ಸರಪಳಿಯಲ್ಲಿ ಪೋಣಿಸಿದ ಬೆಳ್ಳಿ ಪದಕವನ್ನು ಕೊರಳಲ್ಲಿ ಧರಿಸುತ್ತಿದ್ದ. ಓದಿನಲ್ಲಿ ಮುಂದಿದ್ದವರಿಗಷ್ಟೇ ಆ ಗೌರವ ಮೀಸಲಾಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಜೊತೆಯವರ ಕಲಿಕೆಗೆ ನೆರವಾದವನಿಗೆ, ಕೆಟ್ಟ ನಡತೆಯನ್ನು ತಡೆಯಲು ಯತ್ನಿಸಿದವನಿಗೆ ಕೂಡ ಅದು ದೊರೆಯುತ್ತಿತ್ತು. ಸೌತ್‌ವರ್ಕ್‌ನ ಬೀದಿಗಳಲ್ಲಿ ಯಾರ ಕಣ್ಣಿಗೂ ಬೀಳದೆ ಬೆಳೆದ ಮಗುವೊಂದಕ್ಕೆ, ತನ್ನ ಒಳ್ಳೆಯತನವನ್ನು ಇಡೀ ಶಾಲೆ ಗುರುತಿಸಿತೆಂಬ ಅನುಭವ ಎಂಥದ್ದಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಇದನ್ನು ಕಂಡು ಕೆರಳಿದವರೂ ಇದ್ದರು. ಮಕ್ಕಳ ಪುಸ್ತಕಗಳ ಲೇಖಕಿಯಾಗಿ ಹೆಸರಾಗಿದ್ದ ಸಾರಾ ಟ್ರಿಮ್ಮರ್ 1805ರಲ್ಲಿ ಈ ಪದ್ಧತಿಯನ್ನು ಕಟುವಾಗಿ ಟೀಕಿಸಿದರು. ಬಡವರ ಮಕ್ಕಳು ಹೀಗೆ ಪದಕ ಧರಿಸಿ ಮೆರೆದರೆ, ಮುಂದೊಂದು ದಿನ ತಮ್ಮನ್ನೇ ಕುಲೀನರೆಂದು ಭಾವಿಸಿಯಾರೆಂಬ ಭಯ ಅವರದು. ಅಧಿಕೃತ ಚರ್ಚಿನ ಬೋಧನೆಗೆ ಈ ಶಾಲೆಯಲ್ಲಿ ಸ್ಥಾನವಿಲ್ಲವೆಂಬುದು ಇನ್ನೊಂದು ಆಕ್ಷೇಪ. ಪದಕದ ಬಗೆಗಿನ ಆ ಭಯವೇ ಲ್ಯಾಂಕಾಸ್ಟರ್ ಮಾಡುತ್ತಿದ್ದ ಕೆಲಸದ ಮಹತ್ವವನ್ನು ಸೂಚಿಸುತ್ತದೆ.

ಬೆತ್ತ ಹೋಯಿತು, ಅವಮಾನ ಉಳಿಯಿತು

ಆದರೆ ಲ್ಯಾಂಕಾಸ್ಟರನ ಶಾಲೆಗೆ ಇನ್ನೊಂದು ಮುಖವಿತ್ತು. ಹೊಡೆತವನ್ನು ಕೈಬಿಟ್ಟ ಆತ ಶಿಕ್ಷೆಯನ್ನು ಕೈಬಿಡಲಿಲ್ಲ. ಮೈಗೆ ನೋವು ಕೊಡುವ ಬದಲು ನಾಚಿಕೆಯಿಂದ ಮಗುವನ್ನು ತಿದ್ದಬಹುದೆಂದು ನಂಬಿದ. ಆ ನಂಬಿಕೆ ಅವನನ್ನು ಬಹಳ ದೂರ ಕೊಂಡೊಯ್ದಿತು.

ಮಾತನಾಡಿದ ಹುಡುಗನ ಕೊರಳಿಗೆ ಎರಡು ಕಿಲೋಗಿಂತ ಹೆಚ್ಚು ಭಾರವಾಗಬಹುದಾದ ಮರದ ದಿಮ್ಮಿಯನ್ನು ತೂಗುಹಾಕಲಾಗುತ್ತಿತ್ತು. ಅತ್ತಿತ್ತ ತಿರುಗಿದರೆ ಅದರ ಸಮತೋಲ ತಪ್ಪುತ್ತಿತ್ತು. ಕೆಲವರ ಕಾಲಿಗೆ ಮರದ ಕೋಳ. ಹಲವು ಹುಡುಗರನ್ನು ಒಂದೇ ನೊಗಕ್ಕೆ ಸೇರಿಸಿ ಹಿಮ್ಮುಖವಾಗಿ ನಡೆಸುವುದಿತ್ತು. ಮುಖ ತೊಳೆಯದೆ ಬಂದ ಹುಡುಗನ ಮುಖವನ್ನು ಎಲ್ಲರೆದುರು ಹುಡುಗಿಯೊಬ್ಬಳಿಂದ ತೊಳೆಸುತ್ತಿದ್ದರು. ಮಾಡಿದ ತಪ್ಪನ್ನು ಬರೆದ ಹಲಗೆ ತೊಡಿಸಿ ಶಾಲೆಯ ಸುತ್ತ ಕರೆದೊಯ್ಯುತ್ತಿದ್ದರು. ಎಲ್ಲಕ್ಕಿಂತ ಕುಖ್ಯಾತವಾದದ್ದು ಬುಟ್ಟಿಯ ಶಿಕ್ಷೆ. ತಪ್ಪಿತಸ್ಥನನ್ನು ಬುಟ್ಟಿಯಲ್ಲೋ ಚೀಲದಲ್ಲೋ ಕೂರಿಸಿ ಛಾವಣಿಗೆ ಎತ್ತಿ, ಪಂಜರದ ಹಕ್ಕಿಯಂತೆ ತೂಗಾಡಿಸಿ, ಕೆಳಗಿನ ಮಕ್ಕಳು ನಗುವಂತೆ ಮಾಡುವುದು.

ಕವಿ ಕೋಲ್‌ರಿಜ್ 1808ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ನೀಡಿದ ಉಪನ್ಯಾಸದಲ್ಲಿ ಈ ಶಿಕ್ಷೆಗಳನ್ನು ತೀವ್ರವಾಗಿ ಖಂಡಿಸಿದ. ಹೊಡೆತ ಮೈಯನ್ನು ನೋಯಿಸಿದರೆ ಇಂಥ ಅವಮಾನ ಮಗುವಿನ ಆತ್ಮಗೌರವವನ್ನೇ ಕೊಲ್ಲುತ್ತದೆಂಬುದು ವಿರೋಧಿಗಳ ವಾದದ ತಿರುಳು. ಲ್ಯಾಂಕಾಸ್ಟರ್‌ಗೆ ಇದು ಅರ್ಥವಾಗಲಿಲ್ಲ. ಎಲ್ಲರೆದುರು ಹೊಗಳಿದರೆ ಮಗು ಅರಳುವುದನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿದ್ದವನು, ಎಲ್ಲರೆದುರು ಹೀಯಾಳಿಸಿದರೆ ಅದೇ ಮಗು ಮುದುಡುವುದನ್ನು ಗಮನಿಸದೆ ಹೋದ.

ಮದರಾಸಿನಿಂದ ಬಳ್ಳಾರಿಯವರೆಗೆ

ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿಯ ಮೊದಲ ಹಕ್ಕುದಾರ ಯಾರೆಂಬ ಬಗ್ಗೆ ಇಂಗ್ಲೆಂಡಿನಲ್ಲಿ ದೊಡ್ಡ ವಿವಾದವೇ ನಡೆಯಿತು. ಆ ವಿವಾದದ ಬೇರು ಇದ್ದದ್ದು ದಕ್ಷಿಣ ಭಾರತದಲ್ಲಿ.

ಸ್ಕಾಟ್ಲೆಂಡ್ ಮೂಲದ ಪಾದ್ರಿ ಆಂಡ್ರ್ಯೂ ಬೆಲ್ 1789ರಲ್ಲಿ ಮದರಾಸಿನ ಎಗ್ಮೋರ್‌ನಲ್ಲಿದ್ದ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಹೊಣೆ ಹೊತ್ತ. ಅಲ್ಲಿನ ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುವುದನ್ನು ಕಂಡು, ತನ್ನ ಶಾಲೆಯಲ್ಲೂ ಅದನ್ನು ತಂದ. ಶಿಕ್ಷಕರು ಒಪ್ಪದಿದ್ದಾಗ ಎಂಟು ವರ್ಷದ ಹುಡುಗನನ್ನೇ ಕಲಿಸಲು ನೇಮಿಸಿದ. ಈ ಪ್ರಯೋಗದ ವರದಿಯನ್ನು 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಲ್ಯಾಂಕಾಸ್ಟರ್ ಅದನ್ನು ಓದಿದ್ದ, 1804ರ ಕೊನೆಯಲ್ಲಿ ಬೆಲ್‌ನನ್ನು ಭೇಟಿಯೂ ಆಗಿದ್ದ. ಮೊದಲು ಸ್ನೇಹದಿಂದಲೇ ಇದ್ದ ಇಬ್ಬರು, ಚರ್ಚಿನ ಪರ ವಿರೋಧಗಳ ಸುಳಿಯಲ್ಲಿ ಸಿಲುಕಿ ಎದುರಾಳಿಗಳಾದರು. ಬೆಲ್‌ನ ಬೆಂಬಲಿಗರು 1811ರಲ್ಲಿ ತಮ್ಮದೇ ಶಿಕ್ಷಣ ಸಂಘವನ್ನು ಕಟ್ಟಿಕೊಂಡರು.

ಇದೇ ಕಾಲದ ಕನ್ನಡ ನಾಡಿನ ಕೂಲಿ ಮಠಗಳ ಸ್ಥಿತಿಯನ್ನು ತಿಳಿಸುವ ಅಪರೂಪದ ದಾಖಲೆಯೊಂದಿದೆ. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ವರದಿ ಸಲ್ಲಿಸಿದ. ಅದರ ಪ್ರಕಾರ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಮುಂದುವರಿದ ಮಕ್ಕಳು ಹಿಂದುಳಿದವರಿಗೆ ಕಲಿಸುವ ಇಲ್ಲಿನ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡು, ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆ ಎಂದು ಬರೆದ.

ಸಮಯಪಾಲನೆ ಕಲಿಸಲು ಆ ಮಠಗಳಲ್ಲಿದ್ದ ರೂಢಿಯನ್ನೂ ಆತ ದಾಖಲಿಸಿದ್ದಾನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಅನಂತರ ಬಂದವರಿಗೆಲ್ಲ ಒಂದೊಂದು ಹೆಚ್ಚು. ಸೋಮಾರಿ ಹುಡುಗನನ್ನು ಎರಡೂ ಕೈ ಕಟ್ಟಿ ರಾಟೆಯಿಂದ ಸೂರಿಗೆ ತೂಗುಹಾಕುವ ಶಿಕ್ಷೆಯೂ ಆ ವರದಿಯಲ್ಲಿದೆ. ನಮ್ಮ ಹಿರಿಯರು ಕೋದಂಡವೆಂದು ಕರೆಯುತ್ತಿದ್ದದ್ದು ಇದನ್ನೇ. ಲಂಡನ್ನಿನ ಬುಟ್ಟಿಗೂ ಬಳ್ಳಾರಿಯ ಕೋದಂಡಕ್ಕೂ ಇದ್ದ ಅಂತರ ಹೆಚ್ಚಿನದಲ್ಲ. ಅಂಗೈ ಮೇಲಿನ ಸರಸ್ವತಿಗೂ ಕೊರಳಿನ ಬೆಳ್ಳಿ ಪದಕಕ್ಕೂ ಇದ್ದ ಅಂತರವೂ ಅಷ್ಟೇ. ಪ್ರೋತ್ಸಾಹ ಮತ್ತು ಅವಮಾನ ಎರಡೂ ಕಡೆ ಜೊತೆಜೊತೆಯಾಗಿಯೇ ಇದ್ದವು.

ಅರಸನ ಮನ್ನಣೆ, ಸಾಲದ ಸುಳಿ

ಬರೋ ರೋಡ್ ಶಾಲೆಯನ್ನು ನೋಡಲು ಗಣ್ಯರು ಸಾರೋಟುಗಳಲ್ಲಿ ಬರತೊಡಗಿದರು. 1805ರಲ್ಲಿ ದೊರೆ ಮೂರನೆಯ ಜಾರ್ಜ್ ವೇಮತ್ ಪಟ್ಟಣದಲ್ಲಿ ಲ್ಯಾಂಕಾಸ್ಟರ್‌ಗೆ ಸಂದರ್ಶನವಿತ್ತ. ಇಷ್ಟೊಂದು ಮಕ್ಕಳು ಒಬ್ಬನ ಮಾತಿಗೆ ಹೇಗೆ ಒಳಪಡುವರೆಂದು ಕುತೂಹಲದಿಂದ ಕೇಳಿದ ದೊರೆ, ತನ್ನ ರಾಜ್ಯದ ಪ್ರತಿ ಬಡಮಗುವೂ ಬೈಬಲ್ ಓದುವಂತಾಗಬೇಕೆಂಬ ಆಶಯ ವ್ಯಕ್ತಪಡಿಸಿದ. ವರ್ಷಕ್ಕೆ 100 ಪೌಂಡ್ ಕೊಡುವುದಾಗಿ ದೊರೆ, 50 ಪೌಂಡ್ ಕೊಡುವುದಾಗಿ ರಾಣಿ ವಚನವಿತ್ತರು.

ಕೀರ್ತಿ ಬೆಳೆದಂತೆ ಸಾಲವೂ ಬೆಳೆಯಿತು. ಆತನಿಗೆ ಲೆಕ್ಕ ಇಡುವುದು ಗೊತ್ತಿರಲಿಲ್ಲ. ಕಟ್ಟಡ, ಮುದ್ರಣ, ಬಹುಮಾನ, ಪ್ರವಾಸ ಎಲ್ಲದಕ್ಕೂ ಕೈ ಬಿಚ್ಚಿ ಖರ್ಚು ಮಾಡಿದ. 1804ರಲ್ಲಿ ಕೈಹಿಡಿದ ಪತ್ನಿ ಎಲಿಜಬೆತ್ ಮಾನಸಿಕ ಕಾಯಿಲೆಗೆ ತುತ್ತಾದದ್ದು ಮನೆಯ ನೆಮ್ಮದಿಯನ್ನೂ ಕದಡಿತು. 1808ರಲ್ಲಿ ವಿಲಿಯಂ ಕಾರ್ಸ್ಟನ್ ಮತ್ತು ದಂತವೈದ್ಯ ಜೋಸೆಫ್ ಫಾಕ್ಸ್ ಅವನ ಸಾಲದ ಹೊಣೆ ಹೊತ್ತು, ಸಂಘವೊಂದನ್ನು ಸ್ಥಾಪಿಸಿ ಶಾಲೆಯನ್ನು ಉಳಿಸಿದರು. ಕ್ವೇಕರ್ ಔಷಧ ವ್ಯಾಪಾರಿ ವಿಲಿಯಂ ಆಲನ್ ಕೂಡ ಜೊತೆಗೂಡಿದ. ಆದರೆ ತಾನು ಕಟ್ಟಿದ ಶಾಲೆಯಲ್ಲಿ ಇನ್ನೊಬ್ಬರ ಲೆಕ್ಕಪತ್ರಕ್ಕೆ ತಲೆಬಾಗುವುದು ಲ್ಯಾಂಕಾಸ್ಟರ್‌ಗೆ ಸಹನೆಯಾಗಲಿಲ್ಲ. ಟೂಟಿಂಗ್‌ನಲ್ಲಿ ಸ್ವಂತ ಶಾಲೆ ತೆರೆದು ದಿವಾಳಿಯಾದ. ಬೆತ್ತವನ್ನು ವಿರೋಧಿಸಿದವನೇ ತನ್ನ ಬಳಿಯಿದ್ದ ಕೆಲವು ಹುಡುಗರನ್ನು ಖಾಸಗಿಯಾಗಿ ಹೊಡೆದನೆಂಬ ಆರೋಪ ಸಂಘದ ಸಮಿತಿಯ ಮುಂದೆ ಬಂದದ್ದು ಆತನ ಹೆಸರಿಗೆ ಅಂಟಿದ ದೊಡ್ಡ ಕಳಂಕ. 1814ರಲ್ಲಿ ಸಂಘ ಅವನ ಹೆಸರನ್ನು ಬಿಟ್ಟು ಬ್ರಿಟಿಷ್ ಮತ್ತು ವಿದೇಶಿ ಶಾಲಾ ಸಂಘವೆಂದು ಮರುನಾಮಕರಣಗೊಂಡಿತು. ಲ್ಯಾಂಕಾಸ್ಟರ್ ಹೊರಬಿದ್ದ. ಸಾಲದ ಕಾರಣಕ್ಕೆ ಕ್ವೇಕರ್ ಪಂಥವೂ ಅವನನ್ನು ಹೊರಗಿಟ್ಟಿತು.

ಕಡಲಾಚೆಯ ಅಲೆದಾಟ

1818ರಲ್ಲಿ ಆತ ಅಮೆರಿಕಕ್ಕೆ ಹಡಗು ಹತ್ತಿದ. ಅವನ ಪದ್ಧತಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ನ್ಯೂಯಾರ್ಕ್‌ನಲ್ಲಿ 1806ರಷ್ಟು ಹಿಂದೆಯೇ ಅಂಥ ಶಾಲೆ ಆರಂಭವಾಗಿತ್ತು. ಸ್ವಾಗತ ಅದ್ದೂರಿಯಾಗಿತ್ತು, ಆದರೆ ಬಾಲ್ಟಿಮೋರ್‌ನಲ್ಲಿ ತೆರೆದ ಶಾಲೆ ಕಷ್ಟದಲ್ಲೇ ಸಾಗಿತು. ಅನಾರೋಗ್ಯವೂ ಕಾಡಿತು.

1820ರ ದಶಕದ ನಡುವೆ ದಕ್ಷಿಣ ಅಮೆರಿಕದ ವಿಮೋಚಕ ಸಿಮೋನ್ ಬೊಲಿವಾರ್‌ನ ಬೆಂಬಲ ನಂಬಿ ಆತ ಕರಾಕಾಸ್ ನಗರಕ್ಕೆ ಹೋದ. ಬೊಲಿವಾರ್ 20,000 ಡಾಲರ್ ನೆರವಿನ ಭರವಸೆ ಕೊಟ್ಟಿದ್ದ. ಮೊದಲ ಪತ್ನಿ ತೀರಿಕೊಂಡಿದ್ದಳು. ಕರಾಕಾಸ್‌ನಲ್ಲಿ ಲ್ಯಾಂಕಾಸ್ಟರ್ ಮೇರಿ ರಾಬಿನ್‌ಸನ್ ಎಂಬ ವಿಧವೆಯನ್ನು ಮದುವೆಯಾದ. ಅಲ್ಲಿಯೂ ಹಣದ ವಿಷಯಕ್ಕೆ ವಿರಸ ಹುಟ್ಟಿ 1827ರಲ್ಲಿ ಹಿಂದಿರುಗಿದ. ಬಳಿಕ ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲವು ವರ್ಷ ಶಾಲೆ ನಡೆಸಿದ. 1833ರಲ್ಲಿ ತನ್ನ ಬದುಕಿನ ಮುಖ್ಯ ಘಟನೆಗಳ ಸಂಕ್ಷಿಪ್ತ ವೃತ್ತಾಂತ ಪ್ರಕಟಿಸಿದ. ಇಂಗ್ಲೆಂಡಿಗೆ ಮರಳುವ ಆಸೆ ಈಡೇರಲಿಲ್ಲ. 1838ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಬೀದಿಯಲ್ಲಿ ಕುದುರೆಗಾಡಿಯೊಂದು ಹರಿದು ಗಾಯಗೊಂಡು ಕೊನೆಯುಸಿರೆಳೆದ. ಆಗ ಆತನಿಗೆ ಅರುವತ್ತು ತುಂಬಲು ಒಂದು ತಿಂಗಳಷ್ಟೇ ಬಾಕಿಯಿತ್ತು.

ಬಿಟ್ಟುಹೋದ ಪಾಠ

ಲ್ಯಾಂಕಾಸ್ಟರನ ಪದ್ಧತಿ ಬಹುಕಾಲ ಬಾಳಲಿಲ್ಲ. ಮಾನಿಟರ್ ಹುಡುಗರು ತಾವೇ ಅರೆಬರೆ ಕಲಿತವರು, ಕಲಿಕೆ ಗಿಳಿಪಾಠವಾಗುತ್ತಿದೆ ಎಂಬ ದೂರುಗಳು ಹೆಚ್ಚಿದವು. 1846ರಲ್ಲಿ ಇಂಗ್ಲೆಂಡ್ ಸರಕಾರ ತರಬೇತಿ ಪಡೆಯುವ ಕಿರಿಯ ಶಿಕ್ಷಕರ ಹೊಸ ವ್ಯವಸ್ಥೆಯನ್ನು ತಂದ ಬಳಿಕ ಅದು ಹಿಂದೆ ಸರಿಯಿತು. ಬಹುಮಾನಗಳ ಮಿತಿಯೂ ಬಯಲಾಯಿತು. ಮುಂದಿನವನು ತಪ್ಪು ಹೇಳಲೆಂದು ಹಿಂದಿನವನು ಕಾಯುವ ಶಾಲೆಯಲ್ಲಿ ಜಾಣತನ ಬೆಳೆದೀತು, ಸ್ನೇಹ ಬೆಳೆಯುವುದು ಕಷ್ಟ. ಗಾಳಿಪಟಕ್ಕಾಗಿ ಒಳ್ಳೆಯವನಾದ ಹುಡುಗ ಗಾಳಿಪಟ ಸಿಗದ ದಿನವೂ ಒಳ್ಳೆಯವನಾಗಿ ಉಳಿಯುವನೇ ಎಂಬ ಪ್ರಶ್ನೆ ಇಂದಿಗೂ ಶಿಕ್ಷಕರನ್ನು ಕಾಡುತ್ತದೆ.

ಆದರೂ ಮೂಲ ತತ್ವ ಉಳಿದುಕೊಂಡಿತು. ಮಗುವಿನ ತಪ್ಪನ್ನು ಹುಡುಕುವ ಮೊದಲು ಅದು ಸರಿಯಾಗಿ ಮಾಡಿದ್ದನ್ನು ಗಮನಿಸಬೇಕು. ತುಂಟನನ್ನು ದೂರ ತಳ್ಳುವ ಬದಲು ಅವನಿಗೊಂದು ಹೊಣೆ ಒಪ್ಪಿಸಬೇಕು. ಒಳ್ಳೆಯ ನಡತೆ ಒಬ್ಬ ಶಿಕ್ಷಕನ ಕೋಪ ತಾಪಗಳನ್ನು ಅವಲಂಬಿಸಬಾರದು, ಇಡೀ ಶಾಲೆಗೆ ತಿಳಿದ ಒಂದೇ ಕ್ರಮ ಇರಬೇಕು. ಜೊತೆಯವನಿಗೆ ನೆರವಾದ ಮಗುವಿಗೆ, ಹೆಚ್ಚು ಅಂಕ ಗಳಿಸಿದ ಮಗುವಿನಷ್ಟೇ ಮನ್ನಣೆ ಸಿಗಬೇಕು. ಇವು ಇನ್ನೂರು ವರ್ಷಗಳ ಬಳಿಕವೂ ಸವೆಯದ ಮಾತುಗಳು.

ಬ್ರಿಟನ್ನಿನ ಸರಕಾರಿ ಶಾಲೆಗಳಲ್ಲಿ ಹೊಡೆತ ಕಾನೂನಿನಿಂದ ನಿಷೇಧವಾದದ್ದು 1987ರಲ್ಲಿ, ಲ್ಯಾಂಕಾಸ್ಟರ್ ಸತ್ತು ಸುಮಾರು ಒಂದೂವರೆ ಶತಮಾನದ ಮೇಲೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬರೋ ರೋಡ್ ಶಾಲೆಯ ದಿಮ್ಮಿ, ಹಲಗೆ, ಬುಟ್ಟಿಗಳೆಲ್ಲ ಈ ಎರಡನೆಯ ಮಾತಿನ ವ್ಯಾಪ್ತಿಗೇ ಬರುತ್ತವೆ. ಬೆತ್ತ ಹಿಡಿಯದ ಶಾಲೆಗಳಲ್ಲಿಯೂ ತಡವಾಗಿ ಬಂದ ಮಗುವನ್ನು ಬಾಗಿಲ ಹೊರಗೆ ನಿಲ್ಲಿಸುವುದು, ದಡ್ಡನೆಂದು ಎಲ್ಲರೆದುರು ಕರೆಯುವುದು, ಕಡಿಮೆ ಅಂಕವನ್ನು ಗಟ್ಟಿಯಾಗಿ ಓದುವುದು ನಡೆದಾಗ, ಸೌತ್‌ವರ್ಕ್‌ನ ಆ ಹಳೆಯ ಬುಟ್ಟಿ ಮತ್ತೆ ಛಾವಣಿಗೆ ಏರಿದಂತೆಯೇ ಸರಿ. ಲ್ಯಾಂಕಾಸ್ಟರ್ ಅರ್ಧದಲ್ಲಿ ಬಿಟ್ಟ ಆ ಕೆಲಸವನ್ನು ಪೂರ್ತಿಗೊಳಿಸುವ ಹೊಣೆ ಇಂದಿನ ಶಿಕ್ಷಕರ, ಪಾಲಕರ ಮೇಲಿದೆ.